ಸೇರು ಲೆಕ್ಕ

ಬೆಳಗಿನ ಏಳೂವರೆ. ದಾವಣಗೆರೆಯ ಮಂಡಕ್ಕಿ ಭಟ್ಟಿ.
ಚೀಲಕ್ಕೆ ಒರಗಿಸಿಟ್ಟ ಹಾಲೇಶನ ಫೋನಿನೊಳಗೆ
ಇನ್ನೂ ನಿನ್ನೆಯ ರಾತ್ರಿ.
ಒಬ್ಬನೇ ಒಬ್ಬ ಎಪ್ಪತ್ತೊಂಬತ್ತಕ್ಕೆ ಬಂದು
ಫ್ರೀ ಥ್ರೋ ಗೆರೆಯ ಮೇಲೆ ನಿಂತಿದ್ದಾನೆ, ಹಣೆ ಒರೆಸುತ್ತ.

ನಾನು ಒಲೆಗೆ ಹೊಟ್ಟು ಹಾಕುವುದು ಮರೆತೆ.
ಅಜ್ಮತ್ ಜರಡಿ ಹಿಡಿದವನು ಹಿಡಿದೇ ನಿಂತ.

ಎಂಬತ್ತು.
ಎಂಬತ್ತೊಂದು.

"ದೇವ್ರಲೇ ಇವನು!" ಹಾಲೇಶ
ಉಪ್ಪುನೀರಿನ ಕೈಯಲ್ಲೇ ಹಣೆ ಮುಟ್ಟಿಕೊಂಡ.
"ಯಾವ ದೇವ್ರು?" ದಾದಾಪೀರ್ ಉಗಿದ,
"ಇಪ್ಪತ್ತೆರಡು ಮುಂದಿದಾರೆ, ಆಟ ಗೆದ್ದಾಗೈತಿ.
ಆದ್ರೂ ಬೇಕಂತ್ಲೇ ಎದುರಾಳಿ ಕೈ ಹಿಡಿದು ಫೌಲ್ ಮಾಡ್ತಾರೆ,
ಗಡಿಯಾರ ನಿಲ್ಲಲಿ, ಚೆಂಡು ತಿರುಗಿ ಇವನಿಗೇ ಬರಲಿ ಅಂತ.
ಪಂಕ್ತಿಯಾಗೆ ಒಬ್ಬನ ಎಲೆಗೇ ಹೋಳಿಗೆ ಬಡಿಸಿದಂಗೆ."
"ನೀನು ಹಾಕಲೇ ನೋಡಾನ, ಖಾಲಿ ಅಂಕಣದಾಗೆ,
ಯಾರೂ ತಡೆಯೋರಿಲ್ದೆ, ಎಂಬತ್ತೊಂದು."
ದಾದಾಪೀರ್ ಸುಮ್ಮನಾದ.
ಅವನ ಎಡಮೊಣಕಾಲಿನ ಕಥೆ ನಮಗೆಲ್ಲ ಗೊತ್ತು.

ಈಚೆಗೆ ವಾರಕ್ಕೊಬ್ಬ ಅರವತ್ತು ದಾಟುತ್ತಾನೆ.
ಐವತ್ತು ಅಂದರೆ
ಯಾರೂ ಚಾ ಲೋಟ ಕೆಳಗಿಡುವುದಿಲ್ಲ.

ಅಷ್ಟರಲ್ಲಿ ಬಂದರು ರುದ್ರಮುನಿ ಮೇಷ್ಟ್ರು,
ಎರಡು ಸೇರು ಮಂಡಕ್ಕಿಗೆ, ಕಂಕುಳಲ್ಲಿ ಮಡಚಿದ ಬಟ್ಟೆಚೀಲ.
ಮಿಲ್ಲು ಇದ್ದ ಕಾಲಕ್ಕೆ ಮಿಲ್ ತಂಡದ ಸ್ಕೋರು ಬರೆದವರು.
ಅವರ ಕಥೆ ನಮಗೆ ಮಗ್ಗಿಯ ಹಾಗೆ ಬಾಯಿಪಾಠ:
ಮಣ್ಣಿನ ಅಂಕಣ, ಬಲೆಯಿಲ್ಲದ ಬಳೆ,
ರಕ್ತ ಬಂದರೆ ಮಾತ್ರ ಸೀಟಿ,
ಮೂರರ ಗೆರೆ ಇನ್ನೂ ಹುಟ್ಟಿರಲಿಲ್ಲ,
ಆಗ ಹರಿಹರದವರ ಮೇಲೆ
ಸ್ಪಿನ್ನಿಂಗ್ ಖಾತೆಯ ಪರ್ವತಯ್ಯ ಹಾಕಿದ ಮೂವತ್ತೊಂದು.

"ಮೇಷ್ಟ್ರೇ, ಎಂಬತ್ಮೂರು!"
ಬೈಯುತ್ತಾರೆ ಅಂದುಕೊಂಡೆವು. ಬೈಯಲಿಲ್ಲ.
ನಾನು ಸೇರು ತುಂಬುವುದನ್ನೇ ನೋಡುತ್ತಿದ್ದರು.

ಅಕ್ಕಿಯಾದರೆ ಸೇರಿನ ಬಾಯಿ ಸವರಿ ಅಳೆಯುತ್ತೇವೆ,
ಮಂಡಕ್ಕಿಗೆ ಗೋಪುರ ಕೊಡುವುದು ರೂಢಿ.
ಒಂದು ಸೇರು ಅಕ್ಕಿ ಕಾದ ಮರಳಿಗೆ ಬಿದ್ದು
ಏಳೆಂಟು ಸೇರಾಗಿ ಏಳುತ್ತದೆ.
ತೂಗಿದರೆ ಮೊದಲಿಗಿಂತ ಕಡಿಮೆಯೇ.
ಮೋಸವಲ್ಲ ಇದು, ಊರಿಗೆಲ್ಲ ಗೊತ್ತಿರುವ ಲೆಕ್ಕ.

"ಅವತ್ತು ಇಪ್ಪತ್ತೊಂಬತ್ತು," ಅಂದರು ಮೇಷ್ಟ್ರು.

ಯಾವತ್ತು ಅಂತ ಯಾರೂ ಕೇಳಲಿಲ್ಲ.

"ಚೆಂಡು ಪರ್ವತನ ಕೈಯಾಗಿತ್ತು, ಪಾಳಿ ಸೈರನ್ ಕೂಗ್ತು.
ನಮಗೆ ಬ್ಯಾರೆ ಗಂಟೆ ಇರಲಿಲ್ಲ, ಸೈರನ್ ಆದ್ರೆ ಆಟ ಮುಗೀತು.
ಚೆಂಡು ಅವನ ಕೈ ಬಿಟ್ಟಿತ್ತೋ ಇಲ್ಲೋ,
ನಾನು ಪೆನ್ಸಿಲ್ ಚೂಪು ಮಾಡ್ತಿದ್ದೆ, ನೋಡ್ಲಿಲ್ಲ.
ಹನ್ನೊಂದು ಮುಂದಿದ್ವಿ, ಯಾರಿಗೂ ಬೇಕಾಗಿರಲಿಲ್ಲ ಆ ಎರಡು.
ಆದ್ರೆ ತಲೆ ಎತ್ತೋದ್ರೊಳಗೆ ಅವನು ಹೆಗಲ ಮ್ಯಾಲಿದ್ದ.
ಮೂವತ್ತು ದಾಟಿದ, ಮೂವತ್ತು ದಾಟಿದ ಅಂತ ನಾನೂರು ಬಾಯಿ.
ಬರೆದೆ."

ಫೋನಿನಲ್ಲಿ ಆ ಹುಡುಗ ನೆಲದ ಮೇಲೆ ಅಂಗಾತ ಮಲಗಿದ್ದ,
ಜೊತೆಯವರು ನಗುತ್ತ ತಲೆಗೆ ನೀರು ಸುರಿಯುತ್ತಿದ್ದರು.
ಇಲ್ಲಿ ಒಲೆ ತಣ್ಣಗಾಗಿ
ಬಾಣಲೆಯಲ್ಲಿ ಒಂದು ಬೊಗಸೆ ಅಕ್ಕಿ ಅರಳದೆ ಹಾಗೇ ಉಳಿದಿತ್ತು.

"ಮೂವತ್ತೊಂದೇ ಇರ್ಲಿ ಬಿಡ್ರಿ ಮೇಷ್ಟ್ರೇ."
ಹೇಳಿದ್ದು ದಾದಾಪೀರ್.
ಮೊಣಕಾಲು ನೀವಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ.

ಮೇಷ್ಟ್ರು ಕೈ ಚಾಚಿ
ನಾನು ಹಿಡಿದಿದ್ದ ಸೇರಿನ ಗೋಪುರವನ್ನು
ಒಂದೇ ಬೆರಳಲ್ಲಿ ಸವರಿದರು.
"ಇವತ್ತು ಇಷ್ಟು ಸಾಕು," ಅಂದು ಚೀಲ ಬಿಚ್ಚಿದರು.

ಅವರು ಹೋದ ಮೇಲೆ, ಹಲಗೆಯ ಮೇಲೆ ಉದುರಿದ್ದನ್ನು
ಹಾಲೇಶ ಆಯ್ದು ಬಾಯಿಗೆ ಹಾಕಿಕೊಂಡ.
ನಾನೂ ಹಾಕಿಕೊಂಡೆ.
ಬಿಸಿ ಇತ್ತು. ಉಪ್ಪೂ ಇತ್ತು.